ಮನೆಯಿಂದ ಕೆಲಸ ಮತ್ತು ಕಡ್ಡಾಯ ಕಚೇರಿ ಹಾಜರಾತಿ

ಸಂಸ್ಥೆಯ ಕಚೇರಿಗೆ ಹೋಗದೆ ಮನೆಯಲ್ಲೇ ಕುಳಿತು, ಕಂಪ್ಯೂಟರ್ ಮತ್ತು ಅಂತರಜಾಲದ ಮೂಲಕ ಸಂಬಳದ ಕೆಲಸ ಮಾಡುವ ಪದ್ಧತಿಯೇ ಮನೆಯಿಂದ ಕೆಲಸ. ಆಡುಮಾತಿನಲ್ಲಿ ವರ್ಕ್ ಫ್ರಮ್ ಹೋಮ್. ವಾರದ ಎಲ್ಲ ಕೆಲಸದ ದಿನಗಳಲ್ಲೂ ಕಚೇರಿಗೆ ಬರಲೇಬೇಕೆಂಬ ನಿಯಮ ಇದರ ಎದುರು ತುದಿ. ಇವೆರಡರ ನಡುವೆ, ವಾರದಲ್ಲಿ ಕೆಲವು ದಿನ ಕಚೇರಿ, ಕೆಲವು ದಿನ ಮನೆ ಎಂಬ ಹೈಬ್ರಿಡ್ ವ್ಯವಸ್ಥೆ ಇದೆ. 2020ರ ಕೋವಿಡ್ ಸಾಂಕ್ರಾಮಿಕದ ನಂತರ ಈ ಮೂರರಲ್ಲಿ ಯಾವುದು ಸರಿ ಎಂಬುದು ಆಡಳಿತ ವರ್ಗಕ್ಕೂ ನೌಕರರಿಗೂ ನಡುವೆ ಮುಗಿಯದ ಜಗ್ಗಾಟವಾಗಿದೆ. ಐಟಿ ಉದ್ಯಮವನ್ನು ನೆಚ್ಚಿ ಬೆಳೆದ ಬೆಂಗಳೂರಿನಲ್ಲಂತೂ ಅದು ರಸ್ತೆ, ಬಾಡಿಗೆ, ಸಂಸಾರ, ಬಿಟ್ಟುಬಂದ ಊರು ಎಲ್ಲವನ್ನೂ ಮುಟ್ಟುವ ಪ್ರಶ್ನೆ. ಕಳೆದ ಹದಿನೈದು ವರ್ಷಗಳಲ್ಲಿ ಈ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿವೆ. ಅವನ್ನು ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪೂರ್ತಿಯಾಗಿ ಮನೆಯಿಂದಲೇ ಕೆಲಸ ಮಾಡುವುದರಲ್ಲಿ, ಮುಖ್ಯವಾಗಿ ಹೊಸಬರಿಗೆ, ನಿಜವಾದ ನಷ್ಟವಿದೆ. ಆದರೆ ಐದೂ ದಿನ ಕಚೇರಿಗೆ ಬನ್ನಿ ಎಂಬ ನಿಯಮವು ಆ ನಷ್ಟ ತುಂಬಲು ಬೇಕಾದುದಕ್ಕಿಂತ ಬಹಳ ಹೆಚ್ಚನ್ನು ಕೇಳುತ್ತದೆ. ಆ ಹೆಚ್ಚುವರಿಯ ಬೆಲೆ ತೆರುವವರು ನಿಯಮ ಮಾಡಿದವರಲ್ಲ.

ಮನೆಯೇ ದುಡಿಮೆಯ ಜಾಗವಾಗಿರುವುದು ಹೊಸದೇನಲ್ಲ. ಕಾರ್ಖಾನೆಗಳು ಬರುವ ಮುಂಚೆ ನೇಕಾರ, ಕುಂಬಾರ, ಅಕ್ಕಸಾಲಿಗರ ಕಸುಬು ನಡೆದದ್ದು ಮನೆಯಲ್ಲೇ. ಇಳಕಲ್ಲು, ಗುಳೇದಗುಡ್ಡದ ಎಷ್ಟೋ ಮಗ್ಗಗಳು ಇಂದಿಗೂ ಮನೆಯೊಳಗೇ ಇವೆ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಕರಾವಳಿಯ ಬೀಡಿ ಉದ್ಯಮ. ದಕ್ಷಿಣ ಕನ್ನಡದ ಹೆಂಗಸರು ತಲೆಮಾರುಗಳಿಂದ ಮನೆಯಲ್ಲಿ ಬೀಡಿ ಕಟ್ಟುತ್ತ ಬಂದಿದ್ದಾರೆ. ಗುತ್ತಿಗೆದಾರ ಎಲೆಯನ್ನೂ ಹೊಗೆಸೊಪ್ಪನ್ನೂ ತೂಗಿ ಕೊಡುತ್ತಾನೆ. ಅಡುಗೆ, ಮಕ್ಕಳು, ದನಕರುಗಳ ಕೆಲಸದ ನಡುವೆ ಮೊರವನ್ನು ಮಡಿಲಿಗೆಳೆದುಕೊಂಡು ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು, ಕಟ್ಟುಗಳನ್ನು ಬ್ರಾಂಚಿಗೆ ಒಯ್ದರೆ ಸಾವಿರದ ಲೆಕ್ಕದಲ್ಲಿ ಕೂಲಿ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಎಲೆ ಸಾಲದೆ ಬಂದರೆ ಕೈಯಿಂದ ಹಾಕಬೇಕು. ಜಾಗ, ದೀಪ, ಬೆನ್ನುನೋವು, ಮನೆ ತುಂಬುವ ಹೊಗೆಸೊಪ್ಪಿನ ಧೂಳು ಎಲ್ಲವೂ ದುಡಿಯುವವಳ ಪಾಲು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ‘ಸೇವಾ’ ಸಂಘಟನೆ ಇಂಥವರ ಪರವಾಗಿ ಹೋರಾಡಿತು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲೇ ದುಡಿಯುವವರಿಗೆಂದು 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಬೀಡಿ ಕಟ್ಟುವವರ ಈ ಇತಿಹಾಸವನ್ನು ಐಟಿಯ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ, ಆದರೆ ನೆನೆಯಬೇಕು. ಮನೆ ಎಂಬ ಜಾಗವೇ ಸ್ವಾತಂತ್ರ್ಯ ಕೊಡುವುದಿಲ್ಲ. ಖರ್ಚು ಯಾರದು, ಸಮಯ ಯಾರ ಹಿಡಿತದಲ್ಲಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಚೇರಿಗೂ ಇದೇ ಮಾತು ಸಲ್ಲುತ್ತದೆ.

ಕಂಪ್ಯೂಟರ್ ಕಾಲದ ಮನೆಯಿಂದ ಕೆಲಸಕ್ಕೆ ಬುನಾದಿ ಹಾಕಿದವರು ಅಮೆರಿಕದ ಜ್ಯಾಕ್ ನಿಲ್ಸ್. 1973ರಲ್ಲಿ, ತೈಲ ಬಿಕ್ಕಟ್ಟು ಬಂದ ವರ್ಷವೇ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಅವರು ಒಂದು ವಿಮಾ ಕಂಪನಿಯ ನೌಕರರನ್ನು ನಗರದ ನಡುವಿನ ಕಚೇರಿಯ ಬದಲು ಅವರವರ ಮನೆಗೆ ಹತ್ತಿರದ ಉಪಕಚೇರಿಗಳಲ್ಲಿ ಕೂರಿಸಿ ಪ್ರಯೋಗ ಮಾಡಿದರು. ಅವರನ್ನು ಕಾಡಿದ್ದು ನೌಕರರ ಸೌಕರ್ಯದ ಪ್ರಶ್ನೆಗಿಂತ ಲಾಸ್ ಏಂಜಲೀಸ್‌ನ ರಸ್ತೆಗಳು: ಕಾಗದದ ಕೆಲಸಕ್ಕಾಗಿ ಇಷ್ಟು ಜನ ಇಷ್ಟು ದೂರ ದಿನವೂ ಕಾರಿನಲ್ಲಿ ಓಡಾಡಬೇಕೆ ಎಂಬುದು. ಆ ಪ್ರಶ್ನೆ ಹುಟ್ಟಿದ್ದು ಸಂಚಾರ ದಟ್ಟಣೆಯಿಂದ ಎಂಬುದನ್ನು ಬೆಂಗಳೂರಿನವರು ಗಮನಿಸಬೇಕು. ಐಬಿಎಂ ಈ ದಾರಿಯಲ್ಲಿ ದೂರ ಹೋಯಿತು. 2009ರ ಹೊತ್ತಿಗೆ ಅದರ ಸುಮಾರು ಶೇ 40ರಷ್ಟು ನೌಕರರಿಗೆ ಕಂಪನಿಯ ಕಚೇರಿಯಲ್ಲಿ ಮೇಜೇ ಇರಲಿಲ್ಲ. ಅದೇ ಐಬಿಎಂ 2017ರಲ್ಲಿ ಅನೇಕರನ್ನು ಕಚೇರಿಗೆ ವಾಪಸು ಕರೆಯಿತು. ಅದಕ್ಕೂ ಮುಂಚೆ, 2013ರಲ್ಲಿ, ಮರೀಸಾ ಮೇಯರ್ ಮುಖ್ಯಸ್ಥೆಯಾಗಿದ್ದ ಯಾಹೂ ಮನೆಯಿಂದ ಕೆಲಸವನ್ನು ನಿಲ್ಲಿಸಿ ಸುದ್ದಿ ಮಾಡಿತ್ತು. ಹೀಗೆ ಸಾಂಕ್ರಾಮಿಕಕ್ಕೆ ಮುನ್ನವೇ ಈ ಜಗ್ಗಾಟ ಒಂದು ಸುತ್ತು ಮುಗಿಸಿತ್ತು.

ಭಾರತದಲ್ಲಿ ಕಾನೂನೇ ಅಡ್ಡಿಯಾಗಿತ್ತು. ಕಾಲ್ ಸೆಂಟರ್, ಬಿಪಿಒಗಳಿಗೆ ಅನ್ವಯವಾಗುತ್ತಿದ್ದ ದೂರಸಂಪರ್ಕ ಇಲಾಖೆಯ ಒಎಸ್‌ಪಿ (ಅದರ್ ಸರ್ವೀಸ್ ಪ್ರೊವೈಡರ್) ನಿಯಮಗಳು ನೌಕರ ಮನೆಯಲ್ಲಿ ಕುಳಿತು ಕರೆ ಸ್ವೀಕರಿಸುವುದಕ್ಕೆ ಭದ್ರತಾ ಠೇವಣಿ, ಪ್ರತ್ಯೇಕ ಜಾಲ ಮೊದಲಾದ ಷರತ್ತುಗಳನ್ನು ಹೇರಿದ್ದವು. 2020ರ ಮಾರ್ಚ್‌ನಲ್ಲಿ, 25ರಿಂದ ದೇಶವೇ ಲಾಕ್‌ಡೌನ್ ಆಗುವುದಕ್ಕೆ ತುಸು ಮುನ್ನ, ಷರತ್ತುಗಳನ್ನು ತಾತ್ಕಾಲಿಕವಾಗಿ ಸಡಿಲಿಸಲಾಯಿತು. ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಅವುಗಳಲ್ಲಿ ಬಹುಪಾಲನ್ನು ತೆಗೆದೇ ಹಾಕಿದವು. ನಾಲ್ಕೂವರೆ ಲಕ್ಷದಷ್ಟು ನೌಕರರಿದ್ದ ಟಿಸಿಎಸ್ ಕೆಲವೇ ವಾರಗಳಲ್ಲಿ ಬಹುತೇಕ ಎಲ್ಲರನ್ನೂ ಮನೆಗೆ ಕಳುಹಿಸಿ ಕೆಲಸ ನಡೆಸಿತು, 2025ರ ಹೊತ್ತಿಗೆ ಯಾವುದೇ ಹೊತ್ತಿನಲ್ಲಿ ಶೇ 25ರಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂಬ ಯೋಜನೆಯನ್ನೂ ಘೋಷಿಸಿತು. ವಿಶೇಷ ಆರ್ಥಿಕ ವಲಯಗಳಲ್ಲಿನ ಘಟಕಗಳಿಗೆ 2022ರ ಜುಲೈನಲ್ಲಿ ಅರ್ಧದಷ್ಟು ನೌಕರರನ್ನು ಒಂದು ವರ್ಷ ಮನೆಯಿಂದ ದುಡಿಸಲು ಕೇಂದ್ರ ಅನುಮತಿ ಕೊಟ್ಟಿತು, ಡಿಸೆಂಬರ್‌ನಲ್ಲಿ ಅದನ್ನು ಎಲ್ಲ ನೌಕರರಿಗೂ ವಿಸ್ತರಿಸಿತು. ಆಮೇಲೆ ಗಾಳಿ ತಿರುಗಿತು. 2023ರ ಅಕ್ಟೋಬರ್‌ನಿಂದ ಟಿಸಿಎಸ್ ಐದೂ ದಿನ ಕಚೇರಿಗೆ ಕರೆಯಿತು, ಮುಂದಿನ ವರ್ಷ ಹಾಜರಾತಿಯನ್ನು ಸಂಬಳದ ಬದಲಾಗುವ ಭಾಗಕ್ಕೆ ಜೋಡಿಸಿತು. ವಿಪ್ರೊ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಎಂದಿತು. ಇನ್ಫೊಸಿಸ್ ತಿಂಗಳಿಗೆ ಹತ್ತು ದಿನದ ನಿಯಮಕ್ಕೆ ಬಂತು. ಅಮೆಜಾನ್ ಮುಖ್ಯಸ್ಥ ಆ್ಯಂಡಿ ಜೆಸ್ಸಿ 2025ರ ಜನವರಿಯಿಂದ ಐದು ದಿನದ ಹಾಜರಾತಿ ಎಂದು ಘೋಷಿಸಿದ್ದು ಇದೇ ಅಲೆಯ ಭಾಗ. ಟಿಸಿಎಸ್, ವಿಪ್ರೊ, ಇನ್ಫೊಸಿಸ್ ಎಂಬ ಒಂದೇ ಉದ್ಯಮದ, ಒಂದೇ ಬಗೆಯ ಕೆಲಸದ ಮೂರು ಕಂಪನಿಗಳು ಮೂರು ಬೇರೆ ನಿಯಮ ಮಾಡಿ ಮೂರೂ ನಡೆಯುತ್ತಿವೆ ಎಂದರೆ, ಕೆಲಸದ ಸ್ವರೂಪವೇ ಐದು ದಿನ ಬೇಡುತ್ತದೆ ಎಂಬ ವಾದ ಅಲ್ಲಿಗೇ ದುರ್ಬಲವಾಗುತ್ತದೆ.

ಸಾಕ್ಷ್ಯಗಳಲ್ಲಿ ಮೊದಲು ನೋಡಬೇಕಾದುದು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010ರ ಕೊನೆಯಲ್ಲಿ ಅದರ ಶಾಂಘೈ ಕಾಲ್ ಸೆಂಟರ್‌ನಲ್ಲಿ ಇದನ್ನು ಆರಂಭಿಸಿದರು. ಮನೆಯಿಂದ ಕೆಲಸ ಮಾಡಲು ಮುಂದೆ ಬಂದ ಅರ್ಹರಲ್ಲಿ, ಹುಟ್ಟಿದ ತಾರೀಕು ಸಮಸಂಖ್ಯೆಯಾಗಿದ್ದವರನ್ನು ವಾರಕ್ಕೆ ನಾಲ್ಕು ದಿನ ಮನೆಗೆ ಕಳುಹಿಸಿ, ಬೆಸಸಂಖ್ಯೆಯವರನ್ನು ಕಚೇರಿಯಲ್ಲೇ ಉಳಿಸಿಕೊಂಡರು. ಒಂಬತ್ತು ತಿಂಗಳಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಏರಿತು. ಇದರಲ್ಲಿ ಹೆಚ್ಚಿನ ಪಾಲು ಬಂದದ್ದು ವಿರಾಮ ಮತ್ತು ಅನಾರೋಗ್ಯದ ರಜೆ ಕಡಿಮೆಯಾಗಿ ಹೆಚ್ಚು ಹೊತ್ತು ದುಡಿದದ್ದರಿಂದ. ಉಳಿದದ್ದು ಸದ್ದಿಲ್ಲದ ಜಾಗದಲ್ಲಿ ನಿಮಿಷಕ್ಕೆ ಹೆಚ್ಚು ಕರೆ ಮುಗಿಸಿದ್ದರಿಂದ. ಕೆಲಸ ಬಿಡುವವರ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ಇದೇ ಪ್ರಯೋಗದಲ್ಲಿ, ಮನೆಯಿಂದ ದುಡಿದವರಿಗೆ ಅವರ ಸಾಧನೆಗೆ ತಕ್ಕಷ್ಟು ಬಡ್ತಿ ಸಿಗಲಿಲ್ಲ. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಒಂಟಿತನ ಬೇಸರ ತರಿಸಿತೆಂದು ಕಚೇರಿಗೇ ಮರಳಿದರು. ಶೇ 13ರ ಅಂಕಿಯನ್ನು ಜಗತ್ತೇ ಉದ್ಧರಿಸುತ್ತದೆ. ಈ ಎರಡು ಸಂಗತಿಗಳನ್ನು ಉದ್ಧರಿಸುವವರು ಕಡಿಮೆ.

ಭಾರತದ ಸಾಕ್ಷ್ಯ ಇನ್ನೊಂದು ದಿಕ್ಕಿಗೆ ಕೈ ತೋರಿಸುತ್ತದೆ, ಕಚೇರಿಯ ಪರ ವಾದಿಸುವವರು ಅದನ್ನು ಮುಂದಿಡುವುದು ನ್ಯಾಯವೇ ಆಗಿದೆ. ಡೇವಿಡ್ ಆ್ಯಟ್ಕಿನ್, ಆಂಟೊನೆಟ್ ಶೋರ್, ಸುಮಿತ್ ಶಿಂದೆ ಎಂಬ ಸಂಶೋಧಕರು ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಜನರನ್ನು ನೇಮಿಸಿಕೊಂಡು, ಲಾಟರಿಯಂತೆ ಕೆಲವರನ್ನು ಮನೆಗೆ, ಕೆಲವರನ್ನು ಕಚೇರಿಗೆ ಹಂಚಿದರು. ಮನೆಯಲ್ಲಿದ್ದವರ ಉತ್ಪಾದಕತೆ ಶೇ 18ರಷ್ಟು ಕಡಿಮೆ ಇತ್ತು, ಅದರಲ್ಲಿ ಮೂರನೇ ಎರಡು ಪಾಲಿನ ವ್ಯತ್ಯಾಸ ಮೊದಲ ದಿನದಿಂದಲೇ ಕಾಣಿಸಿತು. ಮನಸ್ಸಿಗೆ ನಾಟುವ ಫಲಿತಾಂಶ ಇನ್ನೊಂದು: ಮನೆಯನ್ನೇ ಬಯಸಿದವರು ಮನೆಯಲ್ಲಿ ಹೆಚ್ಚು ಹಿಂದೆ ಬಿದ್ದರು, ಶೇ 27ರಷ್ಟು, ಕಚೇರಿ ಬಯಸಿದವರು ಶೇ 13ರಷ್ಟು ಮಾತ್ರ. ಮನೆಯೇ ಬೇಕೆನ್ನುವವರಿಗೆ ಸಾಮಾನ್ಯವಾಗಿ ಮನೆಯಲ್ಲಿ ಬೇರೆ ಹೊಣೆಗಳೂ ಇರುತ್ತವೆ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ದಾಖಲೆಗಳನ್ನು ಪರಿಶೀಲಿಸಿದ ಮೈಕಲ್ ಗಿಬ್ಸ್ ಮತ್ತು ಸಂಗಡಿಗರ ಅಧ್ಯಯನವೂ ಇದೇ ಧಾಟಿಯದು. ಲಾಕ್‌ಡೌನ್ ಕಾಲದಲ್ಲಿ ಆ ನೌಕರರು ಮೊದಲಿಗಿಂತ ಹೆಚ್ಚು ಗಂಟೆ ದುಡಿದರು, ಕೆಲಸ ಮಾತ್ರ ಮೊದಲಿನಷ್ಟೇ ಅಥವಾ ತುಸು ಕಡಿಮೆ. ಗಂಟೆಯ ಲೆಕ್ಕದಲ್ಲಿ ಉತ್ಪಾದಕತೆ ಶೇ 8ರಿಂದ 19ರವರೆಗೆ ಇಳಿಯಿತು. ಹೆಚ್ಚಿದ ಹೊತ್ತಿನ ದೊಡ್ಡ ಪಾಲು ಮೀಟಿಂಗ್‌ಗಳಿಗೆ ಹೋಯಿತು. ಮನೆಯಲ್ಲಿ ಮಕ್ಕಳಿದ್ದವರಿಗೆ ಏಟು ಹೆಚ್ಚು ಬಿತ್ತು.

ಶಾಂಘೈಯಲ್ಲಿ ಏರಿಕೆ, ಚೆನ್ನೈನಲ್ಲಿ ಇಳಿಕೆ: ಎರಡೂ ಪ್ರಾಮಾಣಿಕ ಅಧ್ಯಯನಗಳೇ. ವ್ಯತ್ಯಾಸ ಇರುವುದು ಯಾರನ್ನು, ಎಂಥ ಮನೆಗೆ, ಎಷ್ಟು ದಿನ ಕಳುಹಿಸಿದರು ಎಂಬುದರಲ್ಲಿ. ಸಿಟ್ರಿಪ್ ಆಯ್ದುಕೊಂಡದ್ದು ಕನಿಷ್ಠ ಆರು ತಿಂಗಳು ಕಚೇರಿಯಲ್ಲಿ ಪಳಗಿದವರನ್ನು. ಮನೆಯಲ್ಲಿ ಪ್ರತ್ಯೇಕ ಕೋಣೆ, ಬ್ರಾಡ್‌ಬ್ಯಾಂಡ್ ಇರಲೇಬೇಕಿತ್ತು. ವಾರಕ್ಕೊಂದು ದಿನ ಕಚೇರಿಗೆ ಬರಬೇಕಿತ್ತು. ಚೆನ್ನೈನವರು ಕೆಲಸಕ್ಕೆ ಹೊಸಬರು. ಲಾಕ್‌ಡೌನ್ ಕಾಲದ ಐಟಿ ನೌಕರರಾದರೋ ಶಾಲೆ ಮುಚ್ಚಿ ಮಕ್ಕಳೆಲ್ಲ ಮನೆಯಲ್ಲಿದ್ದಾಗ, ಒಂದೆರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಏಕಕಾಲಕ್ಕೆ ಮೀಟಿಂಗ್‌ನಲ್ಲಿದ್ದ ದಿನಗಳಲ್ಲಿ ದುಡಿದವರು. ಮಲೆನಾಡಿನ ಊರಿಗೆ ಮರಳಿದವರಲ್ಲಿ ಕೆಲವರು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ, ಟಾರ್ಪಾಲಿನ ಮರೆಯಲ್ಲಿ ಲ್ಯಾಪ್‌ಟಾಪ್ ಬಿಡಿಸಿ ಕುಳಿತಿದ್ದರು. ಆ ಪರಿಸ್ಥಿತಿಯಲ್ಲಿ ಕಂಡ ಇಳಿಕೆಯನ್ನು ಮನೆಯಿಂದ ಕೆಲಸದ ಸ್ವಭಾವ ಎಂದು ಬಗೆಯುವುದು ತಪ್ಪು. ಹಾಗೆಯೇ ಶಾಂಘೈಯ ಏರಿಕೆಯನ್ನು ಎಲ್ಲರಿಗೂ ಅನ್ವಯಿಸುವುದೂ ತಪ್ಪು. ಮನೆಯಲ್ಲಿ ಜಾಗವಿದ್ದು, ಕೆಲಸ ಕೈಗೆ ಹತ್ತಿದವರಿಗೆ ಮನೆ ಒಳ್ಳೆಯದು. ಅವೆರಡೂ ಇಲ್ಲದವರಿಗೆ ಕಚೇರಿಯೇ ಒಳ್ಳೆಯದು. ಅವರಿಗೆ ಅದನ್ನು ಬೇಡವೆನ್ನುವುದೂ ಅನ್ಯಾಯವೇ.

ಕಚೇರಿಯ ಪರವಾದ ವಾದಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಕಲಿಕೆಯದು. ಎಂಐಟಿಯ ಥಾಮಸ್ ಆ್ಯಲನ್ 1970ರ ದಶಕದಲ್ಲೇ ಎಂಜಿನಿಯರುಗಳ ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಅವರ ನಡುವಿನ ಮಾತು ಬೇಗಬೇಗನೆ ಕ್ಷೀಣಿಸುವುದನ್ನು ಅಳೆದು ತೋರಿಸಿದ್ದರು. ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್‌ಟನ್, ಅಮಾಂಡಾ ಪಲೈ ಅವರ ಇತ್ತೀಚಿನ ಅಧ್ಯಯನ ಇದನ್ನು ಇನ್ನೂ ಹತ್ತಿರದಿಂದ ನೋಡಿದೆ. ಅಮೆರಿಕದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರುಗಳು ಎರಡು ಕಟ್ಟಡಗಳಲ್ಲಿ ಕೂರುತ್ತಿದ್ದರು. ಕೆಲವು ತಂಡಗಳ ಎಲ್ಲರೂ ಒಂದೇ ಕಟ್ಟಡದಲ್ಲಿ, ಕೆಲವು ತಂಡಗಳು ಎರಡರಲ್ಲೂ ಹಂಚಿಹೋಗಿ. ಒಟ್ಟಿಗೆ ಕೂತ ತಂಡಗಳಲ್ಲಿ ಒಬ್ಬ ಬರೆದ ಕೋಡ್‌ಗೆ ಉಳಿದವರಿಂದ ಬರುವ ಟಿಪ್ಪಣಿಗಳು ಹೆಚ್ಚಿದ್ದವು. ಸಾಂಕ್ರಾಮಿಕ ಬಂದು ಎಲ್ಲರೂ ಮನೆಗೆ ಹೋದಾಗ ಆ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಒಟ್ಟಿಗೆ ಕೂರುವುದರ ಪ್ರಯೋಜನ ಹೆಚ್ಚು ಸಿಕ್ಕಿದ್ದು ಕಿರಿಯರಿಗೆ, ಅವರಲ್ಲೂ ಹೆಣ್ಣುಮಕ್ಕಳಿಗೆ. ಫ್ರೆಷರ್ ಒಬ್ಬಳು ಎರಡು ಗಂಟೆ ಒದ್ದಾಡುವ ದೋಷವನ್ನು ಪಕ್ಕದ ಮೇಜಿನ ಹಿರಿಯ ಎರಡು ನಿಮಿಷದಲ್ಲಿ ಬೆರಳಿಟ್ಟು ತೋರಿಸಬಲ್ಲ. ಅದೇ ಪ್ರಶ್ನೆಯನ್ನು ಚಾಟ್‌ನಲ್ಲಿ ಕೇಳಲು ಆಕೆ ಹಿಂಜರಿಯುತ್ತಾಳೆ: ಇಷ್ಟು ಸಣ್ಣದಕ್ಕೆ ಕೇಳುವುದೇ, ಮೀಟಿಂಗ್‌ನಲ್ಲಿದ್ದಾರೋ ಏನೋ. ಆದರೆ ಇದೇ ಅಧ್ಯಯನ ಇನ್ನೊಂದು ಸತ್ಯವನ್ನೂ ಹೇಳಿತು. ಹತ್ತಿರ ಕೂತ ಹಿರಿಯರು ಬರೆದ ಕೋಡ್ ಕಡಿಮೆ. ಕಲಿಸುವ ಹೊತ್ತು ಅವರ ಸ್ವಂತ ಕೆಲಸದಿಂದಲೇ ಕಳೆದದ್ದು. ಮೈಕ್ರೊಸಾಫ್ಟ್‌ನ ಅಮೆರಿಕದ 61,182 ನೌಕರರ 2020ರ ಸಂಪರ್ಕಗಳನ್ನು ವಿಶ್ಲೇಷಿಸಿದ ಅಧ್ಯಯನವೂ, ಎಲ್ಲರೂ ದೂರವಾದಾಗ ತಂಡದಾಚೆಯ ಒಡನಾಟ ಸೊರಗಿ ಪ್ರತಿ ತಂಡ ತನ್ನ ಗೂಡಿನಲ್ಲೇ ಉಳಿಯಿತು ಎಂದು ಕಂಡುಕೊಂಡಿತು. ಪೂರ್ತಿ ಮನೆಯಿಂದಲೇ ಸಾಕು ಎನ್ನುವವರು ಈ ಸಾಕ್ಷ್ಯಕ್ಕೆ ತಕ್ಕ ಉತ್ತರ ಕೊಟ್ಟಿಲ್ಲ.

ಆದರೆ ಇದರಿಂದ ಐದು ದಿನದ ನಿಯಮ ಸಾಬೀತಾಗುತ್ತದೆಯೇ? ಇಲ್ಲಿಯೇ ವಾದ ಜಾರುತ್ತದೆ. ಒಟ್ಟಿಗೆ ಕೂತರೆ ಲಾಭವಿದೆ ಎಂಬುದರಿಂದ, ಎಲ್ಲರೂ ಎಲ್ಲ ದಿನವೂ ಕೂರಬೇಕು ಎಂಬುದು ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ, ಮೂರನೆಯ ದಿನದ ಮೇಲೆ ನಾಲ್ಕನೆಯ, ಐದನೆಯ ದಿನ ಎಷ್ಟು ಕೂಡಿಸುತ್ತದೆ ಎಂಬುದು. ಇದಕ್ಕೆ ನೇರ ಉತ್ತರ ಕೊಟ್ಟದ್ದು ಅದೇ ಸಿಟ್ರಿಪ್, ಟ್ರಿಪ್.ಕಾಮ್ ಎಂದು ಹೆಸರು ಬದಲಿಸಿಕೊಂಡ ಮೇಲೆ. 2021–22ರಲ್ಲಿ ಅದರ 1,612 ಪದವೀಧರ ನೌಕರರಲ್ಲಿ, ಮತ್ತೆ ಹುಟ್ಟಿದ ತಾರೀಕಿನ ಆಧಾರದ ಮೇಲೆ, ಒಂದು ಗುಂಪು ಬುಧವಾರ ಮತ್ತು ಶುಕ್ರವಾರ ಮನೆಯಿಂದ, ಇನ್ನೊಂದು ಐದೂ ದಿನ ಕಚೇರಿಯಿಂದ ಕೆಲಸ ಮಾಡಿತು. ಇವರು ಕರೆ ಸ್ವೀಕರಿಸುವವರಲ್ಲ. ಎಂಜಿನಿಯರಿಂಗ್, ಮಾರ್ಕೆಟಿಂಗ್, ಲೆಕ್ಕಪತ್ರದಂಥ ಕೂಡಿ ಮಾಡುವ ಕೆಲಸದವರು. ಎರಡು ವರ್ಷದವರೆಗಿನ ಮೌಲ್ಯಮಾಪನ, ಬಡ್ತಿಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಡುವವರು ಮಾತ್ರ ಹೈಬ್ರಿಡ್ ಗುಂಪಿನಲ್ಲಿ ಮೂರನೇ ಒಂದರಷ್ಟು ಕಡಿಮೆಯಾದರು. ಅದೂ ಹೆಚ್ಚಾಗಿ ಹೆಂಗಸರಲ್ಲಿ, ದೂರದಿಂದ ಬರುವವರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ. ಪ್ರಯೋಗಕ್ಕೆ ಮುಂಚೆ ಹೈಬ್ರಿಡ್‌ನಿಂದ ಉತ್ಪಾದಕತೆ ಇಳಿಯುತ್ತದೆ ಎನ್ನುತ್ತಿದ್ದ ಮ್ಯಾನೇಜರುಗಳು ಕೊನೆಗೆ ಸ್ವಲ್ಪ ಏರುತ್ತದೆ ಎನ್ನುವಲ್ಲಿಗೆ ಬಂದರು. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶದ ಜೊತೆಗೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯೂಯೆ ಡಿಂಗ್, ಮಾರ್ಕ್ ಮಾ ಅವರ ಅಧ್ಯಯನವನ್ನು ಇಟ್ಟು ನೋಡಬೇಕು: ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಕಚೇರಿಗೆ ವಾಪಸು ಬರುವ ಆದೇಶಗಳ ನಂತರ ನೌಕರರ ತೃಪ್ತಿ ಇಳಿಯಿತು, ಲಾಭದಲ್ಲಾಗಲಿ ಷೇರಿನ ಮೌಲ್ಯದಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಚೀನಾದ ಒಂದು ಕಂಪನಿಯ ಪ್ರಯೋಗ ಭಾರತಕ್ಕೆ ಹೊಂದೀತೆ ಎಂದು ಕೇಳಬಹುದು. ಹೊಂದದಿರಬಹುದು ಎನ್ನುವವರು ಇಲ್ಲಿ ಅಂಥದೇ ಪ್ರಯೋಗ ಮಾಡಿ ತೋರಿಸಲಿ. ಲಕ್ಷಗಟ್ಟಲೆ ನೌಕರರಿರುವ ಕಂಪನಿಗಳಿಗೆ ಅದು ಕಷ್ಟದ ಕೆಲಸವಲ್ಲ.

ನಾಲ್ಕನೆಯ, ಐದನೆಯ ದಿನ ಕೂಡಿಸುವುದು ಅಷ್ಟು ಕಡಿಮೆಯಾದರೆ, ಅವು ಕಳೆಯುವುದೆಷ್ಟು? 27 ದೇಶಗಳ ಸಮೀಕ್ಷೆಯೊಂದರ ಪ್ರಕಾರ ಮನೆಯಿಂದ ದುಡಿದ ದಿನ ಪ್ರಯಾಣದಲ್ಲಿ ಸರಾಸರಿ 72 ನಿಮಿಷ ಉಳಿಯುತ್ತದೆ. ಭಾರತದಲ್ಲಿ 99 ನಿಮಿಷ. ಐದು ದಿನಕ್ಕೆ ಲೆಕ್ಕ ಹಾಕಿದರೆ ಅದು ಎಂಟೂಕಾಲು ಗಂಟೆ, ಅಂದರೆ ವಾರಕ್ಕೆ ಇನ್ನೊಂದು ಪೂರ್ತಿ ಕೆಲಸದ ದಿನ. ಉಳಿದ ಸಮಯದಲ್ಲಿ ಶೇ 40ರಷ್ಟನ್ನು ಜನ ಮತ್ತೆ ದುಡಿಮೆಗೇ ಹಾಕುತ್ತಾರೆಂದೂ ಅದೇ ಸಮೀಕ್ಷೆ ಹೇಳುತ್ತದೆ. ಬೆಂಗಳೂರಿನಲ್ಲಿ ಈ ಲೆಕ್ಕ ಇನ್ನೂ ಕಠೋರ. ಟಾಮ್‌ಟಾಮ್ ಸಂಸ್ಥೆಯ 2023ರ ಅಂದಾಜಿನಂತೆ ನಗರದ ಒಳಗೆ ಹತ್ತು ಕಿಲೊಮೀಟರ್ ಸಾಗಲು ಸರಾಸರಿ 28 ನಿಮಿಷ ಬೇಕಿತ್ತು; ಅದು ಸರಾಸರಿ, ಬೆಳಗಿನ ಒಂಬತ್ತೂವರೆಗೆ ಇಬ್ಬಲೂರು ಜಂಕ್ಷನ್ನಿನಲ್ಲಿ ನಿಂತವರಿಗೆ ಆ ಸರಾಸರಿಯಿಂದ ಸಮಾಧಾನವಿಲ್ಲ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗಿನ ಹೊರವರ್ತುಲ ರಸ್ತೆಯಲ್ಲಿ ಲಕ್ಷಾಂತರ ಜನ ಕೆಲಸ ಮಾಡುವ ಟೆಕ್ ಪಾರ್ಕ್‌ಗಳು ಸಾಲಾಗಿವೆ. ಅವೆಲ್ಲ ತುಂಬಿ ಎಷ್ಟೋ ವರ್ಷಗಳಾದ ಮೇಲೆ ಅಲ್ಲಿ ಮೆಟ್ರೊ ಕಾಮಗಾರಿ ಆರಂಭವಾಯಿತು. 2021ರ ಆಗಸ್ಟ್‌ನಲ್ಲಿ ರಾಜ್ಯದ ಐಟಿ-ಬಿಟಿ ಇಲಾಖೆಯೇ ಈ ರಸ್ತೆಯ ಕಂಪನಿಗಳಿಗೆ, ಕಾಮಗಾರಿಯ ಸಲುವಾಗಿ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸಿ ಎಂದು ಸಲಹೆ ನೀಡಿತು. ಆ ಗಡುವು ಮುಗಿಯುವ ಮುನ್ನವೇ, 2022ರ ಸೆಪ್ಟೆಂಬರ್‌ನ ಮಳೆಗೆ ರಸ್ತೆ ಮುಳುಗಿ ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಕಂಪನಿಗಳ ಸಂಘ ಒಂದು ದಿನದ ದಟ್ಟಣೆಯಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗೆ ಪತ್ರ ಬರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಪ್ರೊದ ಸರ್ಜಾಪುರ ಆವರಣದೊಳಗಿಂದ ಒಂದಷ್ಟು ವಾಹನ ಬಿಡುವಂತೆ ಅಜೀಂ ಪ್ರೇಮ್‌ಜಿಯವರನ್ನು ಕೇಳಿದರು; ಅವರು ಒಪ್ಪಲಿಲ್ಲ. ಸರ್ಕಾರ, ಕಂಪನಿ ಎರಡೂ ರಸ್ತೆಯನ್ನು ದೂರುತ್ತವೆ, ಆದರೆ ಆ ರಸ್ತೆಗೆ ದಿನವೂ ಇಷ್ಟು ಜನರನ್ನು ಇಳಿಸುತ್ತಿರುವ ನಿಯಮದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಾಡಿಗೆ, ವಿದ್ಯುತ್ತು, ಕುರ್ಚಿಯ ಖರ್ಚು ಕಂಪನಿಯ ಪುಸ್ತಕದಲ್ಲಿ ಬರುತ್ತದೆ. ರಸ್ತೆಯಲ್ಲಿ ಕಳೆದ ಎಂಟೂಕಾಲು ಗಂಟೆ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಬಾರದ ಖರ್ಚನ್ನು ಉಳಿಸಬೇಕೆಂದು ಯಾವ ಮ್ಯಾನೇಜರಿಗೂ ಅನಿಸುವುದಿಲ್ಲ.

ಹಾಜರಾತಿ ಸಡಿಲಿಸಬೇಕೆಂಬ ಈ ವಾದಕ್ಕೆ ನ್ಯಾಯದ ನೆಲೆಯಿಂದ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜೊನಾಥನ್ ಡಿಂಗಲ್, ಬ್ರೆಂಟ್ ನೀಮನ್ ಅವರ 2020ರ ಅಂದಾಜಿನಲ್ಲಿ ಅಮೆರಿಕದಲ್ಲೇ ಪೂರ್ತಿ ಮನೆಯಿಂದ ಮಾಡಬಹುದಾದ ಉದ್ಯೋಗಗಳು ಶೇ 37. ಬಡ ದೇಶಗಳಲ್ಲಿ ಇದು ಇನ್ನೂ ಕಡಿಮೆ. ಬಿಎಂಟಿಸಿ ಕಂಡಕ್ಟರ್, ಗಾರ್ಮೆಂಟ್ಸ್ ಹೆಣ್ಣುಮಗಳು, ಆಸ್ಪತ್ರೆಯ ನರ್ಸ್, ಪೌರಕಾರ್ಮಿಕ, ಇವರಿಗಿಲ್ಲದ ಸವಲತ್ತು ಒಳ್ಳೆಯ ಸಂಬಳ ಪಡೆಯುವವರಿಗೇಕೆ? ಜೊತೆಗೆ, ಟೆಕ್ ಪಾರ್ಕ್‌ಗಳು ಖಾಲಿಯಾದಾಗ ಮೊದಲು ಅನ್ನ ಕಳೆದುಕೊಂಡವರು ಕ್ಯಾಬ್ ಚಾಲಕರು, ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನವರು, ಗೇಟಿನಾಚೆ ಚಹಾ ಮಾರುವವರು, ಪಿಜಿ ನಡೆಸುವವರು. ಮಾತು ನಿಜ. ಆದರೆ ಕೆಲವರು ಬಂದೇ ತೀರಬೇಕಾದ ಕಾರಣಕ್ಕೆ ಬರಬೇಕಿಲ್ಲದವರೂ ಬರಬೇಕೆಂದರೆ, ಬರಲೇಬೇಕಾದವರ ಬಸ್ಸೇ ಇನ್ನಷ್ಟು ನಿಧಾನವಾಗುತ್ತದೆ. ಇಬ್ಬಲೂರಿನಲ್ಲಿ ಕಾರುಗಳ ಹಿಂದೆ ನಿಲ್ಲುವುದು ಅದೇ ಬಿಎಂಟಿಸಿ, ಅದೇ ಆಂಬುಲೆನ್ಸ್. ಚಹಾದಂಗಡಿಯ ಗಿರಾಕಿ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತಾನೆ: ಮಾರತ್ತಹಳ್ಳಿಯಲ್ಲಿ ಖರ್ಚಾಗದ ಹಣ ದಾವಣಗೆರೆಯಲ್ಲೋ ಶಿರಸಿಯಲ್ಲೋ ಖರ್ಚಾಗುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗೆ ಐಟಿಯನ್ನು ಒಯ್ಯುವುದು ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ರಾಜ್ಯದ ಘೋಷಿತ ನೀತಿಯೇ. ಲಾಕ್‌ಡೌನ್ ಕಾಲದಲ್ಲಿ ಆ ಹರಿವು ತಾನಾಗಿಯೇ ಶುರುವಾಗಿತ್ತು, ಹಾಜರಾತಿ ಆದೇಶಗಳು ಅದನ್ನು ತಡೆದವು. ಬದಲಾವಣೆಯ ನಡುವೆ ಸಿಕ್ಕಿಬಿದ್ದ ಚಾಲಕನಿಗೆ ನೆರವು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆ ನೆರವನ್ನು ಎಂಜಿನಿಯರನ ಸಮಯದಿಂದ ಕಿತ್ತು ಕೊಡುವುದು ಮಾತ್ರ ಸರಿಯಾದ ದಾರಿಯಲ್ಲ.

ಇನ್ನೊಂದು ಆಕ್ಷೇಪ ನಂಬಿಕೆಯದು. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದುಹಾಕಿದ್ದಾಗಿ ಹೇಳಿದಾಗ ಮೂನ್‌ಲೈಟಿಂಗ್ ಮನೆಮಾತಾಯಿತು. ಮೋಸ ಮೋಸವೇ. ಆದರೆ ಅದೇ ಕಂಪನಿ ಮರುವರ್ಷ ಮೂರು ದಿನದ ನಿಯಮ ಮಾಡಿತೇ ಹೊರತು ಐದು ದಿನದ್ದಲ್ಲ ಎಂಬುದನ್ನೂ ನೋಡಬೇಕು. ಗೇಟಿನಲ್ಲಿ ಬ್ಯಾಡ್ಜ್ ಸ್ವೈಪ್ ಮಾಡಿದ ದಾಖಲೆಯಿಂದ ಒಬ್ಬ ಬಂದದ್ದು ಗೊತ್ತಾಗುತ್ತದೆ, ಏನು ಮಾಡಿದ ಎಂಬುದು ಗೊತ್ತಾಗುವುದಿಲ್ಲ. ಕೆಲಸ ಅಳೆಯಲು ಬಾರದ ಮ್ಯಾನೇಜರು ಹಾಜರಾತಿ ಅಳೆಯುತ್ತಾನೆ. ಬೆಳಿಗ್ಗೆ ಬಂದು, ಮೇಜಿನಲ್ಲಿ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಪುಣೆ, ಲಂಡನ್ನಿನಲ್ಲಿರುವ ತಂಡದ ಜೊತೆ ವಿಡಿಯೊ ಕರೆಯಲ್ಲೇ ದಿನ ಕಳೆಯುವ ನೌಕರನಿಗೆ ಆ ಪ್ರಯಾಣದಿಂದ ಯಾವ ಒಡನಾಟವೂ ಸಿಗಲಿಲ್ಲ. ಹೈಬ್ರಿಡ್ ಕೂಡ ಕೆಡುವುದು ಇಲ್ಲಿಯೇ: ಯಾರ್ಯಾರೋ ಯಾವ್ಯಾವುದೋ ದಿನ ಬಂದು ಹತ್ತು ದಿನದ ಕೋಟಾ ತುಂಬಿಸಿದರೆ ಮೇಜು ತುಂಬುತ್ತದೆ, ತಂಡ ಕೂಡುವುದಿಲ್ಲ. ಟ್ರಿಪ್.ಕಾಮ್‌ನಲ್ಲಿ ವ್ಯವಸ್ಥೆ ನಡೆದದ್ದು ಎಲ್ಲರೂ ಬರುವ ದಿನಗಳು ಒಂದೇ ಆಗಿದ್ದುದರಿಂದ.

ಹೆಂಗಸರ ವಿಷಯದಲ್ಲಿ ಎರಡು ಕಡೆಯವರೂ ಅವಸರದ ಮಾತಾಡುತ್ತಾರೆ. ಮದುವೆಯ ನಂತರ, ಹೆರಿಗೆಯ ನಂತರ ಕೆಲಸ ಬಿಡುವ ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳಲು ಮನೆಯಿಂದ ಕೆಲಸ ನೆರವಾಗುತ್ತದೆ ಎಂಬುದಕ್ಕೆ ಟ್ರಿಪ್.ಕಾಮ್‌ನ ಅಂಕಿಗಳೇ ಬೆಂಬಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯೂ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಒಪ್ಪಿದರೆ, ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ದುಡಿಯುವ ಅವಕಾಶ ಕೊಟ್ಟಿತು. ಆದರೆ ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಸೌಟು ಹಿಡಿದ ದಿನವನ್ನು ಸವಲತ್ತು ಎನ್ನಲಾಗದು. ಮನೆಯಲ್ಲಿದ್ದಾಳಲ್ಲ ಎಂದು ಅಡುಗೆ, ಅತ್ತೆಯ ಔಷಧಿ, ಮಗುವಿನ ಹೋಮ್‌ವರ್ಕ್ ಎಲ್ಲ ಅವಳ ಪಾಲಿಗೆ ಬೀಳುವ ಮನೆಗಳಲ್ಲಿ ಕಚೇರಿಯ ಎಂಟು ಗಂಟೆಯೇ ಉಸಿರಾಡುವ ಹೊತ್ತು. ಹೆಂಗಸರು ಮಾತ್ರ ಮನೆಯಲ್ಲುಳಿದು ಗಂಡಸರು ಕಚೇರಿಗೆ ಹೋಗುವ ಹೈಬ್ರಿಡ್‌ನಲ್ಲಿ, ಸಿಟ್ರಿಪ್‌ನಲ್ಲಿ ಕಂಡಂತೆ ಕಣ್ಣಿಗೆ ಬೀಳದವರಿಗೆ ಬಡ್ತಿ ತಪ್ಪುವ ಅಪಾಯವೂ ಇದೆ. ಆದ್ದರಿಂದ ಎಲ್ಲರಿಗೂ ಒಂದೇ ದಿನಗಳು ಎಂಬ ನಿಯಮ ಹೆಂಗಸರ ದೃಷ್ಟಿಯಿಂದಲೂ ಮುಖ್ಯ.

ಕಾನೂನು ಇಲ್ಲಿ ಎಲ್ಲಿದೆ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ನೌಕರ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹೊಂದಿಕೊಳ್ಳುವ ವ್ಯವಸ್ಥೆಯನ್ನು ಕೇಳಬಹುದು. ನಿರಾಕರಿಸುವ ಸಂಸ್ಥೆ ಕಾರಣ ಕೊಡಬೇಕು. ನೆದರ್ಲೆಂಡ್ಸ್‌ನಲ್ಲಿ ಮನೆಯಿಂದ ಕೆಲಸಕ್ಕೆ ಇನ್ನೂ ಬಲವಾದ ಹಕ್ಕು ಕೊಡುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಗೆದ್ದು, 2023ರಲ್ಲಿ ಮೇಲ್ಮನೆಯಲ್ಲಿ ಬಿದ್ದಿತು. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ, ಕೆಲಸದ ಹೊತ್ತಿನ ನಂತರದ ಕರೆಗಳಿಂದ ನೌಕರನಿಗೆ ರಕ್ಷಣೆ ಕೊಟ್ಟಿವೆ. ಗಿಬ್ಸ್ ಅಧ್ಯಯನದ ನೌಕರರು ಹೆಚ್ಚು ಗಂಟೆ ದುಡಿದದ್ದನ್ನು ನೆನೆದರೆ ಇದು ಮನೆಯಿಂದ ದುಡಿಯುವವರಿಗೇ ಹೆಚ್ಚು ಬೇಕಾದದ್ದು. ಭಾರತದಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಸೇವಾ ವಲಯಕ್ಕೆಂದು 2020ರ ಕೊನೆಯಲ್ಲಿ ಪ್ರಕಟಿಸಿದ ಮಾದರಿ ಸ್ಥಾಯಿ ಆದೇಶಗಳ (ಸೇವಾ ಷರತ್ತುಗಳನ್ನು ನಿಗದಿಪಡಿಸುವ ನಿಯಮಗಳ) ಕರಡು ಮನೆಯಿಂದ ಕೆಲಸವನ್ನು ಹೆಸರಿಸಿತು, ಆದರೆ ಅನುಮತಿಯನ್ನೂ ಅವಧಿಯನ್ನೂ ಮಾಲೀಕರ ಇಚ್ಛೆಗೇ ಬಿಟ್ಟಿತು. ಕರ್ನಾಟಕವಂತೂ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯಿದೆಯಿಂದಲೇ ವಿನಾಯಿತಿ ಕೊಡುತ್ತ ಬಂದು, ನೌಕರರ ಸಂಘದ ವಿರೋಧದ ನಡುವೆಯೂ 2024ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಿತು. ಹೀಗಾಗಿ ಕೆಲಸದ ಸ್ಥಳ ಯಾವುದು ಎಂಬುದು ನೇಮಕಪತ್ರದ ಒಂದು ಸಾಲು. ಆ ಸಾಲನ್ನು ಬದಲಿಸಲು ಒಂದು ಇಮೇಲ್ ಸಾಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅವುಗಳ ವಿವರಗಳನ್ನು ರಾಜ್ಯಗಳು ತಮ್ಮ ನಿಯಮಗಳಲ್ಲಿ ತುಂಬಬೇಕಿದೆ. ಕರ್ನಾಟಕ ಸರ್ಕಾರ ಮನೆಯಿಂದ ಕೆಲಸವನ್ನು ಹಕ್ಕಾಗಿ ಕೊಡಬೇಕಿಲ್ಲ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಹಾಜರಾತಿ ಕೇಳುವ ಕಂಪನಿ ಅದಕ್ಕೆ ಕೆಲಸದ ಸ್ವರೂಪದಿಂದ ಕಾರಣ ಬರೆದು ಕೊಡಲಿ, ನೌಕರನ ಕೋರಿಕೆಗೆ ಲಿಖಿತ ಉತ್ತರ ನೀಡಲಿ, ಕೆಲಸದ ಸ್ಥಳ ಬದಲಿಸುವ ಮುನ್ನ ಮೂರು ತಿಂಗಳ ನೋಟಿಸ್ ಕೊಡಲಿ: ಈ ಮೂರು ಷರತ್ತುಗಳನ್ನು ನಿಯಮದಲ್ಲಿ ಸೇರಿಸಿದರೆ ಸಾಕು. ಯಾವ ಕಂಪನಿಗೂ ಇದು ಹೊರಲಾಗದ ಭಾರವಲ್ಲ.